ತಂತಿಯ ಆ ತುದಿಗೆ ಗೊತ್ತಿದ್ದ ಕೈ

ಈಗಿನ ಮಕ್ಕಳಿಗೆ ತಂತಿ ಎಂದರೆ ಬೇಲಿಯ ತಂತಿ, ಇಲ್ಲವೇ ಕರೆಂಟಿನ ತಂತಿ. ನಾನು ಅನ್ನ ಉಂಡದ್ದು ಇನ್ನೊಂದು ತಂತಿಯಿಂದ, ಸುದ್ದಿ ಕಳಿಸುವ ಟೆಲಿಗ್ರಾಂ ತಂತಿಯಿಂದ. ಆ ಕೆಲಸ ಇವತ್ತು ಎಲ್ಲೂ ಇಲ್ಲ. ಇಲ್ಲದ ಕೆಲಸದ ಬಗ್ಗೆ ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಹೇಳುವುದೇನಿದೆ ಎಂದು ಯಾರಾದರೂ ಕೇಳಬಹುದು. ಕೀ ಒತ್ತುವುದನ್ನು ಯಾರೂ ಕಲಿಯಬೇಕಾಗಿಲ್ಲ, ನಿಜ. ಆದರೆ ‘ಈ ಕುರ್ಚಿಗೆ ನಾನು ತಕ್ಕವನಲ್ಲ, ಇವತ್ತಲ್ಲ ನಾಳೆ ಇವರಿಗೆಲ್ಲ ಗೊತ್ತಾಗಿಬಿಡುತ್ತದೆ’ ಎಂದು ಒಳಗೊಳಗೇ ಬೆವರುತ್ತ ಕೆಲಸ ಮಾಡುವವರು ಎಲ್ಲ ಕಚೇರಿಗಳಲ್ಲೂ ಇದ್ದಾರೆ. ಇದು ಅವರಿಗೆ. ಅವರಲ್ಲೂ ಕುಡಿತ ಬಿಟ್ಟು ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತವರಿಗೆ.

ನಮ್ಮೂರು ಹುತ್ರಿದುರ್ಗದ ಬೆಟ್ಟದ ಕೆಳಗೆ. ರಾಗಿ, ಹುರುಳಿ ಬೆಳೆಯುವ ಮನೆತನ. ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಬೆಂಗಳೂರಿನಲ್ಲಿ ತರಬೇತಿ ಮುಗಿಸಿ, ಎಪ್ಪತ್ತರ ದಶಕದ ಮೊದಲಲ್ಲಿ ತುಮಕೂರಿನಲ್ಲಿ ತಂತಿ ಕೆಲಸಕ್ಕೆ ಸೇರಿದೆ. ಮೇಜಿನ ಮೇಲೆ ಹಿತ್ತಾಳೆಯದೊಂದು ಕೀ. ಇಲ್ಲಿ ಅದನ್ನು ಒತ್ತಿದರೆ ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಸೌಂಡರು ಎಂಬ ಪುಟ್ಟ ಯಂತ್ರ ಕಟ್ ಕಟ್ ಎಂದು ಬಡಿಯುತ್ತಿತ್ತು. ಗಿಡ್ಡ ಬಡಿತ ಚುಕ್ಕಿ, ಉದ್ದ ಬಡಿತ ಗೆರೆ. ಚುಕ್ಕಿ ಗೆರೆ ಸೇರಿದರೆ ಇಂಗ್ಲಿಷಿನ ಒಂದು ಅಕ್ಷರ. ಸದ್ದು ಸ್ಪಷ್ಟವಾಗಿ ಕೇಳಲಿ ಎಂದು ಸೌಂಡರಿನ ಬೆನ್ನಿಗೆ ಖಾಲಿ ಸಿಗರೇಟು ಡಬ್ಬಿ ಸಿಗಿಸಿರುತ್ತಿದ್ದೆವು. ಆ ತುದಿಯಲ್ಲಿ ಕೂತವನು ಕೇಳುತ್ತಲೇ ಬರೆದುಕೊಳ್ಳಬೇಕು. ಕನ್ನಡದ ಮಾತನ್ನೂ ಇಂಗ್ಲಿಷ್ ಅಕ್ಷರದಲ್ಲೇ ಕಳಿಸುತ್ತಿದ್ದೆವು.

ನನ್ನನ್ನು ಮೊದಲು ಬೆರಗುಗೊಳಿಸಿದ್ದು ಯಂತ್ರವಲ್ಲ, ಕೈ. ಒಬ್ಬೊಬ್ಬ ನೌಕರನ ಬಡಿತ ಒಂದೊಂದು ಥರ. ಒಬ್ಬನದು ಹುರುಳಿ ಹುರಿದಂತೆ, ಇನ್ನೊಬ್ಬನದು ಎತ್ತಿನ ಗಾಡಿ ಕಲ್ಲಿನ ಮೇಲೆ ಹೋದಂತೆ. ಹೆಸರು ಹೇಳಬೇಕಾಗಿರಲಿಲ್ಲ. ಎರಡು ಅಕ್ಷರ ಬಡಿಯುವಷ್ಟರಲ್ಲಿ ಆ ತುದಿಯವನು ‘ಇದು ಇಂಥವನ ಕೈ’ ಎಂದು ಹೇಳಿಬಿಡುತ್ತಿದ್ದ. ಮುಖ ನೋಡದ ಮನುಷ್ಯನನ್ನು ಕೈಯಿಂದ ಬಲ್ಲೆವು. ಗುಬ್ಬಿಯ ತುದಿಯಲ್ಲಿದ್ದ ಬಸವರಾಜಯ್ಯನವರನ್ನು ನಾನು ವರ್ಷಗಟ್ಟಲೆ ಬಲ್ಲದ್ದು ಹಾಗೆಯೇ. ಲೈನು ಖಾಲಿ ಇದ್ದಾಗ ಅವರು ತಂತಿಯ ಮೇಲೆ ಹರಟುತ್ತಿದ್ದರು. ಮಳೆ, ಮಗಳ ಮದುವೆ, ಕೊಬ್ಬರಿ ಬೆಲೆ, ಒಂದನ್ನೂ ಬಿಡುತ್ತಿರಲಿಲ್ಲ. ಅಷ್ಟು ಸರಾಗವಾಗಿ ಮಾತಾಡುವ ಮನುಷ್ಯ ಆಜಾನುಬಾಹುವಾಗಿ, ದೊಡ್ಡ ಮೀಸೆ ಬಿಟ್ಟುಕೊಂಡಿರಬೇಕು ಎಂದು ನನ್ನ ಲೆಕ್ಕ.

ತಪ್ಪುಗಳೂ ಆಗುತ್ತಿದ್ದವು. ಶುಭಾಶಯದ ತಂತಿಗಳಿಗೆ ಆಗ ಒಂದೊಂದು ನಂಬರು ಇತ್ತು. ನಾವು ನಂಬರು ಮಾತ್ರ ಬಡಿದರೆ ಆ ತುದಿಯವರು ಇಡೀ ವಾಕ್ಯ ಬರೆದು ಕೊಡುತ್ತಿದ್ದರು. ಕೆಲಸದ ಹೊಸತರಲ್ಲಿ ಒಂದು ಮದುವೆ ಮನೆಗೆ ನಂಬರು ತಪ್ಪಿ ಬಡಿದೆ. ವಧೂವರರಿಗೆ ‘ಚುನಾವಣೆಯಲ್ಲಿ ಗೆದ್ದದ್ದಕ್ಕೆ ಅಭಿನಂದನೆಗಳು’ ಎಂದು ಹೋಯಿತು. ಮದುವೆ ಗಂಡಿನ ತಂದೆ ತಂತಿ ಹಿಡಿದುಕೊಂಡು ನಮ್ಮ ಕಚೇರಿಗೇ ಹುಡುಕಿಕೊಂಡು ಬಂದಾಗ ನನ್ನ ಜೀವ ಬಾಯಿಗೆ ಬಂತು. ಅವರು ಕೌಂಟರಿಗೆ ಒರಗಿ, “ಸರ್ಯಾಗೇ ಹಾಕಿದೀರ ಬುಡಿ ಸ್ವಾಮಿ. ಈ ಹೆಣ್ಣಿಗೆ ಎಷ್ಟ್ ಜನ ನಿಂತಿದ್ರು ಅಂತೀರಿ!” ಎಂದು ನಕ್ಕು ಹೋದರು.

ಕುಡಿತ ಶುರುವಾದದ್ದು ಒಂದು ಚುನಾವಣೆಯ ಫಲಿತಾಂಶದ ದಿನ. ಪತ್ರಿಕೆಯವರ ಉದ್ದುದ್ದ ವರದಿಗಳು ರಾಶಿ ಬಿದ್ದಿದ್ದವು. ಕೈ ಮರಗಟ್ಟಿತ್ತು. ಜೊತೆಯವನೊಬ್ಬ “ಬಾರೋ, ಒಂದ್ ಗ್ಲಾಸ್ ಹಾಕಿದ್ರೆ ಕೈ ಸಡಿಲ ಆಗತ್ತೆ” ಎಂದು ಸಾರಾಯಿ ಅಂಗಡಿಗೆ ಕರೆದುಕೊಂಡು ಹೋದ. ಬಂದು ಕೂತೆ. ಕೈ ಹಾರಿತು. ಗುಬ್ಬಿಯಿಂದ ಬಸವರಾಜಯ್ಯ ‘ಏನ್ ಸ್ವಾಮಿ, ಮೃದಂಗ ಬಾರಿಸ್ತಿದೀರಾ?’ ಎಂದು ಬಡಿದರು. ಆ ಮಾತು ತಲೆಗೇರಿತು. ಅಂದಿನಿಂದ ಡ್ಯೂಟಿಗೆ ಮೊದಲು ಒಂದು ಗ್ಲಾಸು. ಆಮೇಲೆ ಡ್ಯೂಟಿಯ ನಡುವೆ. ಆಮೇಲೆ ಎದ್ದ ಕೂಡಲೇ, ಕೈ ನಡುಗದಿರಲಿ ಎಂದು. ಇತ್ತ ‘ಗಂಗಾಧರಯ್ಯನ ಕೈ’ ಎಂದು ನನ್ನ ಹೆಸರು ಜಿಲ್ಲೆಯ ತಂತಿಗಳಲ್ಲೆಲ್ಲ ಹರಡಿತ್ತು. ಅತ್ತ ಮನೆಯಲ್ಲಿ ಹೆಂಡತಿ ಜಯಮ್ಮ ನನ್ನೊಡನೆ ಮಾತು ಬಿಟ್ಟು ಬಹಳ ಕಾಲವಾಗಿತ್ತು.

ಆ ವರ್ಷಗಳನ್ನು ವಿಸ್ತರಿಸಿ ಬರೆಯುವುದಿಲ್ಲ. ಕುಡಿದವರ ಕಥೆಗಳೆಲ್ಲ ಒಂದೇ ಥರ. ಒಂದು ದಿನ ಕೀ ಮುಂದೆಯೇ ಕುಸಿದು ಬಿದ್ದೆ. ನಮ್ಮ ಮೇಲ್ವಿಚಾರಕರು ಶ್ರೀನಿವಾಸಮೂರ್ತಿ ಎಂದು. ನಶ್ಯ ಹಾಕುವ, ನಗದ ಮನುಷ್ಯ. ಅವರೇ ಟ್ಯಾಕ್ಸಿ ಮಾಡಿ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರ ಮುಂದೆ ಅವರು ಹೇಳಿದ್ದು ನನಗೆ ಕೇಳಿಸಿತು: “ಡಾಕ್ಟ್ರೇ, ನಮ್ಮ ಆಫೀಸಿನಲ್ಲಿ ಇಂಥ ಕೈ ಇನ್ನೊಂದಿಲ್ಲ. ಇದನ್ನ ಉಳಿಸಿಕೊಡಿ.”

ಆಸ್ಪತ್ರೆಯವರು ನನ್ನನ್ನು ಉಳಿಸಿಕೊಟ್ಟರು. ಕೈಯನ್ನು ಉಳಿಸಿಕೊಟ್ಟರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ರಜೆ ಮುಗಿಸಿ ಬಂದ ಬೆಳಿಗ್ಗೆ ಕೀ ಮೇಲೆ ಬೆರಳಿಟ್ಟೆ. ಅದು ಅದೇ ಹಿತ್ತಾಳೆ, ಅದೇ ಮೇಜು. ಗುಬ್ಬಿಯನ್ನು ಕರೆದು ಮೊದಲ ತಂತಿ ಕಳಿಸಲು ಶುರುಮಾಡಿದೆ. ಅರ್ಧಕ್ಕೆ ಬಸವರಾಜಯ್ಯ ತಡೆದರು.

‘ಯಾರು?’ ಎಂದು ಬಡಿದರು.

ನನ್ನ ಗುರುತಿನ ಅಕ್ಷರಗಳನ್ನು ಕೊಟ್ಟೆ.

‘ಸುಳ್ಳು. ಅವರ ಕೈ ನನಗೆ ಗೊತ್ತು. ಹೊಸಬರಾ? ಗಂಗಾಧರಯ್ಯ ಹೆಂಗಿದಾರೆ?’

ಪಕ್ಕದ ಮೇಜಿನವರು ಕೇಳಿಸಿಕೊಂಡರೇನೋ ಎಂದು ನೋಡಿದೆ. ಅವರವರ ಕೆಲಸದಲ್ಲಿದ್ದರು. ‘ಚೆನ್ನಾಗಿದ್ದಾರೆ’ ಎಂದು ಬಡಿದು ಉಳಿದದ್ದನ್ನು ಕಳಿಸಿದೆ. ನಾನೇ ಎಂದು ಮತ್ತೆ ವಾದಿಸಲಿಲ್ಲ. ಯಾಕೆ ವಾದಿಸಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅವರು ಹೇಳಿದ್ದು ನಿಜವೆಂದು ನನಗೇ ಅನ್ನಿಸಿತ್ತು.

ಅಲ್ಲಿಂದ ಶುರುವಾಯಿತು ನನ್ನ ಎರಡನೆಯ ಕಾಯಿಲೆ. ಮೊದಲನೆಯದಕ್ಕೆ ಹೆಸರಿತ್ತು, ಔಷಧಿಯೂ ಇತ್ತು. ಇದಕ್ಕೆ ಎರಡೂ ಇರಲಿಲ್ಲ. ಕಚೇರಿಯಲ್ಲಿ ಯಾರಾದರೂ “ಗಂಗಾಧರಯ್ಯನೋರು ಬಂದ್ರಲ್ಲ, ಇನ್ನು ಭಯ ಇಲ್ಲ” ಎಂದರೆ ಆ ಮಾತು ಬೇರೆ ಯಾರಿಗೋ ಹೇಳಿದಂತೆ ಕೇಳುತ್ತಿತ್ತು. ಹೆಸರು ಗಳಿಸಿದವನು ಆ ಕುಡುಕ. ಅವನು ಸತ್ತಿದ್ದ, ಅಥವಾ ನಾನೇ ಅವನನ್ನು ಸಾಯಿಸಿದ್ದೆ. ಈಗ ಅವನ ಕುರ್ಚಿಯಲ್ಲಿ ಕೂತು ಅವನ ಸಂಬಳ ಎಣಿಸುತ್ತಿರುವ ಈ ಮೆಲ್ಲಗಿನ ಕೈಯವನು ಯಾರು? ನಡುಕ ನಿಂತಿತ್ತು. ಆದರೆ ಬಡಿತಕ್ಕೆ ಆ ಹಾರಾಟ ಬರಲೊಲ್ಲದು. ಒಂದೊಂದು ಅಕ್ಷರವೂ ಒಂದನೇ ಕ್ಲಾಸಿನ ಹುಡುಗ ಸ್ಲೇಟಿನಲ್ಲಿ ತಿದ್ದಿದಂತೆ ಬರುತ್ತಿತ್ತು.

ಕುಣಿಗಲ್ಲಿನಲ್ಲಿ ರಜೆಯ ಮೇಲೆ ಹೋದವರೊಬ್ಬರ ಜಾಗಕ್ಕೆ ಆಳು ಬೇಕಿತ್ತು. ನಾನೇ ಕೇಳಿ ಹಾಕಿಸಿಕೊಂಡೆ. ಅಲ್ಲಿ ಕಳಿಸುವುದು ಕಡಿಮೆ, ತೆಗೆದುಕೊಳ್ಳುವುದು ಹೆಚ್ಚು. ಯಾರ ಕಿವಿಗೂ ಬೀಳದೆ ಕೂರಬಹುದು ಎಂಬುದು ನನ್ನ ಆಸೆ.

ಅಲ್ಲಿ ಒಬ್ಬ ಅಜ್ಜಿ ದಿನಾ ಬರುತ್ತಿದ್ದರು. ನಿಂಗಮ್ಮ ಎಂದು, ನಮ್ಮ ಹುತ್ರಿದುರ್ಗದ ಕಡೆಯವರೇ. ಮಗ ಮಿಲಿಟರಿಯಲ್ಲಿದ್ದ, ಎಲ್ಲೋ ಉತ್ತರದಲ್ಲಿ ಆಸ್ಪತ್ರೆಗೆ ಸೇರಿದ್ದ. ಸುದ್ದಿ ತಂತಿಯಲ್ಲಿ ಬರುತ್ತದೆ ಎಂದು ಯಾರೋ ಹೇಳಿದ್ದರಂತೆ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಸೌಂಡರಿನ ಸದ್ದು ಕೇಳುತ್ತಿದ್ದರು.

“ಅದೇನ್ ಹೇಳ್ತಾ ಐತಪ್ಪ ಈಗ?”

“ಬೇರೆಯೋರ್ದು ಕಣಜ್ಜಿ. ನಿಂದಲ್ಲ.”

“ಅದ್ಯಾರ್ದಾರಾ ಆಗ್ಲಿ. ನಗ್ತಾ ಐತೋ ಅಳ್ತಾ ಐತೋ?”

ನನಗೆ ಸೋಜಿಗವಾಯಿತು. ಅದನ್ನು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಸದ್ದು ಸದ್ದೇ. ಚುಕ್ಕಿ, ಗೆರೆ. ಆದರೂ ಅಜ್ಜಿ ಕೇಳಿದ ಮೇಲೆ ಕಿವಿಗೊಟ್ಟೆ. ಕುಡಿಯುತ್ತಿದ್ದ ಕಾಲದಲ್ಲಿ ನಾನು ಕಳಿಸುವುದರಲ್ಲೇ ಮುಳುಗಿರುತ್ತಿದ್ದೆ. ಆ ತುದಿಯವರು ಬಡಿಯುವಾಗ ‘ಬೇಗ ಮುಗಿಸಪ್ಪ’ ಎಂದು ಚಡಪಡಿಸುತ್ತಿದ್ದೆ. ಈಗ ಮೊದಲ ಸಲ ಕೇಳಿಸಿಕೊಳ್ಳುತ್ತಿದ್ದೆ. ಸಾವಿನ ಸುದ್ದಿ ಕಳಿಸುವಾಗ ಕೆಲವು ಕೈಗಳು ನಿಧಾನವಾಗುತ್ತವೆ, ಕೆಲವು ಓಡಿ ಮುಗಿಸುತ್ತವೆ. ಇದು ಎಲ್ಲರಿಗೂ ಗೊತ್ತಿತ್ತೋ ಅಥವಾ ನನಗೊಬ್ಬನಿಗೇ ಹೊಸತೋ?

ಒಂದು ಮಧ್ಯಾಹ್ನ ಅಜ್ಜಿಯ ತಂತಿ ಬಂತು. ಮಗ ಗುಣವಾಗಿ ರಜೆಯ ಮೇಲೆ ಹೊರಟಿದ್ದ. ನಾನು ಪೆನ್ಸಿಲ್ ಕೆಳಗಿಟ್ಟು ತಿರುಗುವಷ್ಟರಲ್ಲಿ ಅಜ್ಜಿ ಎದ್ದು ನಿಂತಿದ್ದರು.

“ಇದು ನಂದೇಯಾ ಅಲ್ವಾ?”

“ಹೆಂಗ್ ಗೊತ್ತಾಯ್ತು ಅಜ್ಜಿ?”

“ನಿನ್ ಮಕ ನೋಡ್ದೆ ಕಣಪ್ಪ. ಅದ್ರ ಸದ್ದು ಯಾವ ಮೂದೇವಿಗ್ ಗೊತ್ತಾಯ್ತದೆ!”

ನಾನು ನಕ್ಕೆ. ಆಸ್ಪತ್ರೆಯಿಂದ ಬಂದ ಮೇಲೆ ಅದು ಮೊದಲನೆಯ ನಗುವಿರಬೇಕು. ಆ ಸಂಜೆ ಬಸ್ಸಿನಲ್ಲಿ ಮನೆಗೆ ಮರಳಿ ಅದನ್ನು ಜಯಮ್ಮನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತ ಕೇಳಿಸಿಕೊಂಡು, “ಆ ಅಜ್ಜಿ ಊಟ ಮಾಡ್ಕೊಂಡ್ ಬರ್ತಿದ್ರಾ, ಬರೀ ಹೊಟ್ಟೇಲಿ ಕೂರ್ತಿದ್ರಾ?” ಎಂದಳು. ನನಗೆ ಗೊತ್ತಿರಲಿಲ್ಲ. “ಅದನ್ನೂ ಕೇಳ್ಬೇಕ್ರೀ” ಎಂದಳು. ಅವಳು ನನ್ನನ್ನು ಪ್ರಶ್ನೆ ಕೇಳಲು ಶುರುಮಾಡಿದ್ದಳು. ಅಷ್ಟೇ ಸಾಕಾಗಿತ್ತು ನನಗೆ.

ಭಾನುವಾರಗಳಂದು ತುಮಕೂರಿನ ಒಂದು ಶಾಲೆಯ ಕೊಠಡಿಯಲ್ಲಿ ಕುಡಿತ ಬಿಟ್ಟವರು ನಾಲ್ಕಾರು ಜನ ಸೇರುತ್ತಿದ್ದೆವು. ಅಲ್ಲಿ ರಾಮಚಂದ್ರ ಎಂಬುವನಿದ್ದ. ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಕೆಲಸ. ನನಗಿಂತ ಮೊದಲೇ ಬಿಟ್ಟವನು. ನನ್ನ ಎರಡನೆಯ ಕಾಯಿಲೆಯನ್ನು ಅವನೊಬ್ಬನಿಗೆ ಹೇಳಿದೆ.

“ನಂಗೂ ಹಂಗೇ ಆಗಿತ್ತು ಕಣಣ್ಣ,” ಎಂದ. “ಬಿಟ್ಟ ಮೇಲೆ ಲೇತ್ ಮುಂದೆ ನಿಂತ್ರೆ, ಹಿಂದೆ ಯಾರೋ ನಿಂತ್ಕಂಡು ‘ನೀನಲ್ಲ ಕಣ್ಲಾ ಮಾಡ್ತಿದ್ದಿದ್ದು’ ಅಂದಂಗಾಗೋದು.”

“ಆಮೇಲೆ?”

“ಆಮೇಲೇನು, ಮೂರ್ ಹೊತ್ತೂ ಅದೇ ಯೋಚ್ನೆ. ಒಂದ್ಸಲ ಕುಡ್ದು ನೋಡ್ಬಿಡಾನ, ಯಾರು ಮಾಡ್ತಿದ್ದಿದ್ದು ಅಂತ ತಿಳ್ಕಂಬಿಡಾನ ಅನ್ಸೋದು. ಅದೊಂದ್ ಆಸೆ ಮಾತ್ರ ಇಟ್ಕಬ್ಯಾಡ. ಕುಡ್ಕಂಗೆ ಕುತೂಹಲ ಒಳ್ಳೇದಲ್ಲ.”

ಅವನು ಹೇಳಿದ ಆಸೆ ಆಗಲೇ ನನ್ನೊಳಗೆ ಮೊಳೆತಿತ್ತು. ಅವನಿಗೆ ಹೇಳಲಿಲ್ಲ.

ಕುಣಿಗಲ್ಲಿನಿಂದ ವಾಪಸ್ಸು ಬಂದ ಮೇಲೆ ಮೂರ್ತಿಯವರು ಕೋಣೆಗೆ ಕರೆದರು. ಹೊಸದಾಗಿ ಸೇರಿದವರಿಗೆ ಕೀ ಕೆಲಸ ಕಲಿಸಲು ಒಬ್ಬರು ಬೇಕು, ಬೆಂಗಳೂರಿನಿಂದ ಅಧಿಕಾರಿಯೊಬ್ಬರು ಬಂದು ಪರೀಕ್ಷೆ ಮಾಡುತ್ತಾರೆ, ನಿನ್ನ ಹೆಸರು ಕಳಿಸಿದ್ದೇನೆ ಎಂದರು.

“ಬೇಡಿ ಸಾರ್. ನನ್ ಕೈ ಮೊದಲಿನಂಗಿಲ್ಲ.”

“ಏನಯ್ಯಾ ಹಾಗಂದ್ರೆ? ಕೈ ಎಲ್ಲಿಗೆ ಹೋಗತ್ತೆ?” ಎಂದು ನಶ್ಯದ ಡಬ್ಬಿ ಮುಚ್ಚಿದರು. ಮಾತು ಮುಗಿಯಿತು ಎಂದು ಅರ್ಥ.

ಪರೀಕ್ಷೆಯ ಹಿಂದಿನ ದಿನ ರಜೆ ಹಾಕಿದೆ. ಬೆಳಿಗ್ಗೆ ಮನೆ ಬಿಟ್ಟು ಬಸ್ ಸ್ಟ್ಯಾಂಡಿನ ಹತ್ತಿರದ ಹಳೆಯ ಸಾರಾಯಿ ಅಂಗಡಿಗೆ ಹೋದೆ. ಒಳಗಿನ ಬೆಂಚು, ಉಪ್ಪಿನಕಾಯಿ ವಾಸನೆ, ಎಲ್ಲ ಹಾಗೇ ಇತ್ತು. ಅಂಗಡಿಯವನು ಕೇಳದೆಯೇ ಗ್ಲಾಸು ತಂದಿಟ್ಟ. “ಎಲ್ಲೋಗಿದ್ರಿ ಸಾಮಿ ಇಷ್ಟ್ ದಿನ?” ಎಂದ. ಅವನಿಗೆ ನಾನು ಯಾರೆಂಬ ಅನುಮಾನವೇ ಇರಲಿಲ್ಲ. ನನ್ನನ್ನು ಗುರುತು ಹಿಡಿದವನು ಅವನೊಬ್ಬನೇ ಎನ್ನಿಸಿತು.

ಕುಡಿಯುವ ದಾಹ ಇರಲಿಲ್ಲ ಎಂದರೆ ಸುಳ್ಳು. ಆದರೆ ಅದಕ್ಕಿಂತ ಬಲವಾಗಿದ್ದದ್ದು ತಿಳಿದುಕೊಳ್ಳುವ ಹಟ. ಒಂದೇ ಗ್ಲಾಸು. ಕುಡಿದು, ಕಚೇರಿಯಲ್ಲಿ ಕಲಿಯುವವರಿಗೆಂದು ಇಟ್ಟಿದ್ದ ಅಭ್ಯಾಸದ ಕೀ ಮುಂದೆ ಕೂತು, ಕೈ ಹಾರುತ್ತದೋ ಇಲ್ಲವೋ ನೋಡುವುದು. ಹಾರಿದರೆ ಕೆಲಸ ಮಾಡುತ್ತಿದ್ದದ್ದು ಸಾರಾಯಿ, ನಾನಲ್ಲ. ಹಾರದಿದ್ದರೆ ಆ ಕಥೆ ಅಲ್ಲಿಗೆ ಮುಗಿಯಿತು. ಹೈಸ್ಕೂಲಿನ ವಿಜ್ಞಾನದ ಪಾಠದಷ್ಟು ಸರಳವಾಗಿ ಕಂಡಿತು.

ಗ್ಲಾಸಿಗೆ ಕೈ ಹಾಕಿದಾಗ ಇನ್ನೊಂದು ಪ್ರಶ್ನೆ ಎದ್ದಿತು. ಆ ಹಳೆಯ ಕೈ ನಿಜವಾಗಿ ಹೇಗಿತ್ತು? ನನಗೆ ಗೊತ್ತಿರಲಿಲ್ಲ. ನಾನು ಅದನ್ನು ಕೇಳಿದ್ದೇ ಕುಡಿದ ಕಿವಿಯಿಂದ. ನಮ್ಮ ಕಚೇರಿಯವರು ಹೊಗಳುತ್ತಿದ್ದರು, ಆದರೆ ಅವರು ಪಕ್ಕದ ಮೇಜಿನವರು, ಅದನ್ನು ಬರೆದುಕೊಳ್ಳಬೇಕಾಗಿರಲಿಲ್ಲ. ಅದನ್ನು ಎಚ್ಚರದ ಕಿವಿಯಿಂದ ವರ್ಷಗಟ್ಟಲೆ ಕೇಳಿ ಬರೆದುಕೊಂಡವರು ಒಬ್ಬರೇ. ಅವರು ಗುಬ್ಬಿಯಲ್ಲಿದ್ದಾರೆ. ಗುಬ್ಬಿಯ ಬಸ್ಸು ಎದುರಿಗೇ ನಿಂತಿದೆ. ಮೊದಲು ಅವರನ್ನು ಕೇಳುವುದು, ಬೇಕಾದರೆ ಆಮೇಲೆ ಕುಡಿಯುವುದು.

ಗ್ಲಾಸನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ಇದನ್ನು ಗಟ್ಟಿ ಮನಸ್ಸು ಎಂದು ಯಾರೂ ತಿಳಿಯಬಾರದು. ಮುಂದೂಡಿದೆ, ಅಷ್ಟೇ. ಕಿಟಕಿಯ ಪಕ್ಕ ಕೂತಿದ್ದೆ. ದಾರಿಯುದ್ದಕ್ಕೂ ಬಾಯಿ ಒಣಗುತ್ತಿತ್ತು.

ಗುಬ್ಬಿಯ ಅಂಚೆ ಕಚೇರಿಯಲ್ಲಿ ಕೀ ಮುಂದೆ ಕೂತಿದ್ದವರನ್ನು ನೋಡಿ, ತಪ್ಪು ಜಾಗಕ್ಕೆ ಬಂದೆನೇನೋ ಎಂದುಕೊಂಡೆ. ಸಣಕಲು ಮನುಷ್ಯ, ದಪ್ಪ ಕನ್ನಡಕ, ಮೀಸೆಯೇ ಇಲ್ಲ. “ಬಸವರಾಜಯ್ಯನೋರು?” ಎಂದೆ.

“ನಾ... ನಾ... ನಾನೇ,” ಎಂದರು. ಮುಂದಿನ ಮಾತು ಹೊರಡಲು ಬಹಳ ಹೊತ್ತು ಹಿಡಿಯಿತು. ತಂತಿಯ ಮೇಲೆ ಹೊಳೆಯಂತೆ ಹರಿಯುತ್ತಿದ್ದ ಮನುಷ್ಯ ಉಗ್ಗುತ್ತಿದ್ದರು.

ನಾನು ಹೆಸರು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಮಾತಾಡಲು ಹೊರಟು, ಕೈಬಿಟ್ಟು, ಬೀರುವಿನಿಂದ ಅಭ್ಯಾಸಕ್ಕೆ ಇಟ್ಟಿದ್ದ ಹಳೆಯ ಕೀ, ಸೌಂಡರು, ಬ್ಯಾಟರಿ ತೆಗೆದು ಮೇಜಿನ ಮೇಲಿಟ್ಟರು. ಊಟದ ಹೊತ್ತು, ಕೌಂಟರು ಮುಚ್ಚಿತ್ತು. ಇಬ್ಬರೂ ಎದುರುಬದುರು ಕೂತೆವು. ಒಬ್ಬರ ಮುಖ ಒಬ್ಬರಿಗೆ ಕಾಣುವಷ್ಟು ಹತ್ತಿರ ಕೂತು ಬಡಿದು ಮಾತಾಡಿದೆವು.

‘ನಿಜಕ್ಕೂ ನೀವೇನಾ?’ ಎಂದು ಬಡಿದರು.

‘ನಾನೇ. ಕುಡಿಯೋದು ಬಿಟ್ಟೆ. ಕೈ ಹೋಯ್ತು.’

‘ಕುಡೀತಿದ್ರಾ? ನಂಗೊತ್ತಿರ್ಲಿಲ್ಲ. ಏನೋ ಇದೆ ಅಂತ ಮಾತ್ರ ಗೊತ್ತಿತ್ತು.’

‘ಒಂದ್ ಮಾತು ಕೇಳಕ್ ಬಂದೆ. ನನ್ ಹಳೇ ಕೈ ಹೆಂಗಿತ್ತು? ಮುಲಾಜಿಲ್ದೆ ಹೇಳಿ.’

ಅವರು ಬೆರಳನ್ನು ಕೀ ಮೇಲಿಟ್ಟು ಯೋಚಿಸಿದರು. ಆಮೇಲೆ ನಿಧಾನವಾಗಿ ಬಡಿದರು.

‘ಕೇಳಕ್ ಚಂದ. ಬರ್ಕೊಳಕ್ ಕಷ್ಟ.’

ಒಂದು ಉದಾಹರಣೆಯನ್ನೂ ಕೊಟ್ಟರು. ಒಂದು ಸಲ ನಾನು ತುಮಕೂರಿನಿಂದ ಒಂದು ತಂತಿ ಕಳಿಸಿದ್ದೆನಂತೆ. ತವರಿಗೆ ಹೋದ ಹೆಂಡತಿಯ ಬಗ್ಗೆ ಗಂಡನಿಗೆ ಭಾವಮೈದುನ ಕೊಟ್ಟ ಸುದ್ದಿ: ‘ಗೌರಿ ಹೆತ್ತಳು, ಬೇಗ ಬಾ.’ ಇಂಗ್ಲಿಷ್ ಅಕ್ಷರದಲ್ಲಿ ‘ಹೆತ್ತಳು’ ಶುರುವಾಗುವುದು ಎಚ್ ಮತ್ತು ಇ ಇಂದ. ನಾಲ್ಕು ಚುಕ್ಕಿ, ಆಮೇಲೆ ಒಂದು ಚುಕ್ಕಿ. ‘ಸತ್ತಳು’ ಶುರುವಾಗುವುದು ಎಸ್ ಮತ್ತು ಎ ಇಂದ. ಮೂರು ಚುಕ್ಕಿ, ಆಮೇಲೆ ಒಂದು ಚುಕ್ಕಿ ಒಂದು ಗೆರೆ. ಉಳಿದದ್ದೆಲ್ಲ ಒಂದೇ. ಹಾರುವ ಕೈಯಲ್ಲಿ ಚುಕ್ಕಿಗಳು ಒಂದರ ಮೇಲೊಂದು ಬಿದ್ದಿದ್ದವು. ಬಸವರಾಜಯ್ಯನವರ ಕಿವಿಗೆ ಕೇಳಿಸಿದ್ದು ‘ಸತ್ತಳು’. ಇನ್ನೊಮ್ಮೆ ಕಳಿಸಿ ಎಂದು ಕೇಳಿದ್ದರು. ನಾನು ‘ನಿದ್ದೆ ಬಂತಾ?’ ಎಂದು ಹಾಸ್ಯ ಮಾಡಿ, ಅಷ್ಟೇ ವೇಗದಲ್ಲಿ ಮತ್ತೆ ಬಡಿದಿದ್ದೆ. ಮತ್ತೆ ಹಾಗೇ ಕೇಳಿಸಿತು.

‘ಆಮೇಲೆ?’ ಎಂದು ಬಡಿದೆ.

‘ಮನಸ್ಸು ಒಪ್ಪಲಿಲ್ಲ. ಪೋಸ್ಟ್‌ಮ್ಯಾನ್‌ನ ಕೇಳಿದೆ. ಆ ಮನೆ ಸೊಸೆ ಹೆರಿಗೆಗೆ ಹೋಗಿದಾಳೆ ಅಂದ. ಹೆತ್ತಳು ಅಂತ ಬರೆದೆ. ಸರಿ ಅಂತ ಆಮೇಲೆ ತಿಳೀತು. ಹೆಣ್ಣು ಮಗು.’

ನಾನು ಅವರ ಮುಖವನ್ನೇ ನೋಡಿದೆ. ಆ ಮುಖದಲ್ಲಿ ದೂರು ಇರಲಿಲ್ಲ. ಒಂದು ಹಳೆಯ ಗಂಟನ್ನು ಬಿಚ್ಚಿದ ಸಮಾಧಾನ ಇತ್ತು.

‘ಅಂಥದ್ದು ಎಷ್ಟು ಸಲ?’

‘ಬೇಕಾದಷ್ಟು. ನೀವು ಕಳಿಸ್ತಿದ್ರಿ, ನಾನು ಊಹೆ ಮಾಡ್ತಿದ್ದೆ. ಉಗ್ಗೋನಿಗೆ ಅದು ಅಭ್ಯಾಸ. ಜನ ನನ್ ಅರ್ಧ ಮಾತಿಂದ ಪೂರ್ತಿ ಊಹೆ ಮಾಡ್ತಾರೆ, ನಾನು ತಂತಿಲಿ ಅದೇ ಮಾಡ್ದೆ.’

‘ಮತ್ಯಾಕೆ ಹೊಗಳ್ತಿದ್ರಿ? ಮೃದಂಗ ಅಂದ್ರಿ.’

‘ಮೃದಂಗಾನೇ. ಸಂಗೀತ ಚೆನ್ನಾಗಿತ್ತು. ಸಾಹಿತ್ಯ ತಿಳೀತಿರ್ಲಿಲ್ಲ.’

ಇಬ್ಬರಿಗೂ ಒಟ್ಟಿಗೆ ನಗು ಬಂತು. ಅವರು ನಗುವಾಗ ಉಗ್ಗುತ್ತಿರಲಿಲ್ಲ. ಆಮೇಲೆ ನಾನು ಕೇಳಬೇಕೆಂದಿದ್ದ ಕೊನೆಯದನ್ನು ಕೇಳಿದೆ: ‘ಈಗಿನ ಕೈ?’

‘ಇದು ಯಾರ ಕೈ ಅಂತ ನಂಗಿನ್ನೂ ಗೊತ್ತಿಲ್ಲ. ಆದ್ರೆ ಕೇಳಿದ್ದು ಕೇಳಿದ ಹಾಗೆ ಬರ್ಕೋತಿದೀನಿ. ಪೋಸ್ಟ್‌ಮ್ಯಾನ್‌ನ ಕೇಳೋದು ಬಿಟ್ಟಿದೀನಿ.’

ವಾಪಸ್ಸು ಬರುವ ಬಸ್ಸಿನಲ್ಲಿ ನನ್ನ ಯೋಚನೆ ತಿರುಗುಮುರುಗಾಗಿತ್ತು. ಒಬ್ಬ ಮೋಸಗಾರ ಇದ್ದದ್ದು ನಿಜವೇ. ಆದರೆ ನಾನು ಅವನನ್ನು ತಪ್ಪು ಕಾಲದಲ್ಲಿ ಹುಡುಕುತ್ತಿದ್ದೆ. ಹೆಸರು ಮಾಡಿದ ಆ ಕೈ ಅರ್ಧ ಮಾತ್ರ ನನ್ನದು. ಇನ್ನರ್ಧ ಗುಬ್ಬಿಯಲ್ಲಿ ಕೂತು ಊಹಿಸುತ್ತಿದ್ದವರದು. ಅದನ್ನು ಕಳೆದುಕೊಂಡೆ ಎಂದು ಯಾಕೆ ಅಳಬೇಕು? ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಸಾರಾಯಿ ಅಂಗಡಿ ತೆರೆದೇ ಇತ್ತು. ದಾಹ ಇತ್ತು, ಕೇಳಬೇಕಾದ ಪ್ರಶ್ನೆ ಮಾತ್ರ ಉಳಿದಿರಲಿಲ್ಲ. ರಾಮಚಂದ್ರನ ವರ್ಕ್‌ಶಾಪಿನ ಕಡೆ ಹೋಗುವ ಬಸ್ಸು ಹಿಡಿದು, ಅವನ ಶಿಫ್ಟು ಮುಗಿಯುವ ತನಕ ಗೇಟಿನ ಹತ್ತಿರ ಕಾದೆ. ಅವನು ಬಂದವನೇ ನನ್ನ ಮುಖ ನೋಡಿ, “ಹೋಗಿದ್ಯಾ ಅಂಗಡಿಗೆ?” ಎಂದ. “ಹೋಗಿದ್ದೆ. ಕುಡೀಲಿಲ್ಲ” ಎಂದೆ. ಅವನು ಮತ್ತೇನೂ ಕೇಳದೆ ಸೈಕಲ್ ತಳ್ಳಿಕೊಂಡು ನನ್ನ ಜೊತೆ ಮನೆಯ ತನಕ ನಡೆದು ಬಂದ. ಜಯಮ್ಮ ಇಬ್ಬರಿಗೂ ಊಟಕ್ಕೆ ಹಾಕಿದಳು.

ಮರುದಿನ ಪರೀಕ್ಷೆ. ಅಧಿಕಾರಿ ತಾವೇ ಪೆನ್ಸಿಲ್ ಹಿಡಿದು ಸೌಂಡರಿನ ಮುಂದೆ ಕೂತರು. ನನಗೆ ಒಂದು ಉದ್ದದ ವರದಿ ಕೊಟ್ಟರು. ನನ್ನ ಈಗಿನ ವೇಗದಲ್ಲೇ ಕಳಿಸಿದೆ. ಬೆನ್ನ ಹಿಂದೆ ಮೂರ್ತಿಯವರು ನಿಂತಿದ್ದರು. ಅರ್ಧದಲ್ಲಿ ಓಡಿಸಬೇಕು ಎನ್ನಿಸಿತು. ಬೆರಳು ಒಂದು ಕ್ಷಣ ಕುದುರೆಯ ಹಾಗೆ ಎಳೆಯಿತು. ಬಿಡಲಿಲ್ಲ.

ಅಧಿಕಾರಿ ಕಾಗದ ಕೆಳಗಿಟ್ಟರು. “ಇದೇನಾ ನಿಮ್ಮ ಸ್ಪೀಡು? ನಾನು ಕೇಳಿದ್ದು ಬೇರೆ ಥರ ಇತ್ತಲ್ಲ.”

“ಸಾರ್, ತಾವು ಕೇಳಿರೋದು ನಾನು ಕುಡೀತಿದ್ದ ಕಾಲದ್ದು. ಆ ಕೈ ಈಗಿಲ್ಲ. ನನ್ ಹತ್ರ ಇರೋದು ಇದೇ.”

ಅಷ್ಟು ದಿನ ಬಚ್ಚಿಟ್ಟದ್ದನ್ನು ಅಷ್ಟು ಸುಲಭವಾಗಿ ಹೇಳಿಬಿಟ್ಟೆನಲ್ಲ ಎಂದು ನನಗೇ ವಿಚಿತ್ರವೆನಿಸಿತು. ಅಧಿಕಾರಿ ತಾವು ಬರೆದ ಹಾಳೆಯನ್ನು ಎತ್ತಿ ಮೇಲಿಂದ ಕೆಳಗೆ ನೋಡಿದರು. ಒಂದು ಕಡೆಯೂ ಹೊಡೆದು ಬರೆದಿರಲಿಲ್ಲ. “ಕಲಿಯೋರಿಗೆ ಇದು ಸಾಕು,” ಎಂದು ಎದ್ದರು.

ಅವರು ಹೋದ ಮೇಲೆ ಮೂರ್ತಿಯವರ ಕೋಣೆಗೆ ಹೋಗಿ ಕೇಳಿಯೇಬಿಟ್ಟೆ: “ಸಾರ್, ಅವತ್ತು ಆಸ್ಪತ್ರೇಲಿ ಕೈ ಉಳಿಸಿಕೊಡಿ ಅಂದ್ರಿ. ಕೈಗೋಸ್ಕರಾನೇ ಸೇರಿಸಿದ್ರಾ?”

ಇಲ್ಲ ಕಣಯ್ಯಾ ಎನ್ನುತ್ತಾರೆ ಎಂದು ನನ್ನ ಆಸೆ. ಅವರು ನಶ್ಯ ಏರಿಸಿ, ಸೀನಿ, ಕರವಸ್ತ್ರ ಮಡಚಿಟ್ಟರು.

“ಹೌದಯ್ಯಾ, ಕೈಗೋಸ್ಕರಾನೇ. ಮನುಷ್ಯ ನನಗೆ ಅಷ್ಟಾಗಿ ಗೊತ್ತಿರಲಿಲ್ಲ. ಜೊತೇಲಿ ಬಂದ.” ಆಮೇಲೆ, “ಕೂತ್ಕೋ, ಕಾಫಿ ತರಿಸ್ತೀನಿ” ಎಂದರು.

ಕಲಿಸುವ ಕೆಲಸಕ್ಕೆ ಹೋದ ಮೇಲೆ ಆ ಭಯ ಹೋಯಿತೇ ಎಂದರೆ, ಪೂರ್ತಿ ಹೋಗಲಿಲ್ಲ. ಹೊಸ ತಂಡದ ಮುಂದೆ ನಿಂತ ಮೊದಲ ದಿನಗಳಲ್ಲಿ ಅದೇ ದನಿ ಬೆನ್ನ ಹಿಂದೆ ಬರುತ್ತಿತ್ತು. ಆದರೆ ಅದಕ್ಕೆ ಹೆದರುವ ಬದಲು ಅದನ್ನು ವಿಚಾರಿಸುವುದು ಕಲಿತೆ. ಏನಪ್ಪ ನಿನ್ನ ದೂರು? ನನಗೆ ಯಾವುದು ಗೊತ್ತಿಲ್ಲ ಅಂತೀಯಾ? ಕೆಲವು ಸಲ ದೂರಿನಲ್ಲಿ ಹುರುಳಿರುತ್ತಿತ್ತು, ಹೋಗಿ ಕಲಿತುಕೊಳ್ಳುತ್ತಿದ್ದೆ. ಬಹಳ ಸಲ ಬರೀ ಬೊಗಳೆ. ಕುಡಿತದ ಆಸೆಯೂ ಹಾಗೇ, ಬಾಗಿಲ ತನಕ ಬರುತ್ತಿತ್ತು. ಭಾನುವಾರದ ಆ ಕೊಠಡಿಗೆ ಹೋಗುವುದನ್ನು ನಾನು ಬಿಡಲಿಲ್ಲ.

ಎಂಬತ್ತರ ದಶಕದಲ್ಲಿ ನಮ್ಮಲ್ಲಿಗೆ ಟೆಲಿಪ್ರಿಂಟರು ಬಂತು. ಟೈಪ್‌ರೈಟರಿನಂಥ ಯಂತ್ರ, ಇಲ್ಲಿ ಹೊಡೆದ ಅಕ್ಷರ ಬೆಂಗಳೂರಿನಲ್ಲಿ ತಾನೇ ಅಚ್ಚಾಗುತ್ತದೆ. ಕಿವಿ ಬೇಡ. ಯಾರು ಹೊಡೆದರೂ ಅಕ್ಷರ ಒಂದೇ ಥರ. ಹಳಬರಲ್ಲಿ ಕೆಲವರಿಗೆ ಅದು ಸಾವಿನಂತಿತ್ತು. ಒಬ್ಬರು ಕೆಲಸ ಬಿಟ್ಟು ಊರಿಗೇ ಹೋಗಿಬಿಟ್ಟರು. ನನಗೋ ಆ ಯಂತ್ರದ ಒಳಗೇನಿದೆ ಎಂದು ನೋಡುವ ಆತುರ. ಕಲಿಸಲು ಬೆಂಗಳೂರಿನಿಂದ ಸುಧಾ ಎಂಬ ಹೆಣ್ಣುಮಗಳು ಬಂದಿದ್ದರು. ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ನನಗೆ ಒಂದೇ ಬೆರಳು ಓಡುತ್ತಿತ್ತು. ಪ್ರತಿ ಅಕ್ಷರಕ್ಕೂ ಹುಡುಕಾಟ.

“ಸಾರ್, ‘ಯು’ ಅಲ್ಲಿದೆ. ಅಲ್ಲಲ್ಲ, ಬಲಗಡೆ.”

“ಇದ್ಯಾಕಮ್ಮ ಎ ಪಕ್ಕದಲ್ಲಿ ಬಿ ಇಲ್ಲ? ಯಾರು ಜೋಡಿಸಿದ್ದು ಹಿಂಗೆ?”

“ನಂಗೊತ್ತಿಲ್ಲ ಸಾರ್. ಯಾರೂ ಕೇಳಿರ್ಲಿಲ್ಲ ಇದುವರೆಗೂ,” ಎಂದು ಅವರೂ ಯೋಚನೆಗೆ ಬಿದ್ದರು.

ಬೆಂಗಳೂರಿಗೆ ಮೊದಲ ಸಾಲು ಹೊಡೆಯುವ ಸರದಿ ಬಂತು. ಊರಿನ ಹೆಸರು ಹೊಡೆದೆ. ಒಂದು ಅಕ್ಷರ ತಪ್ಪಿ ‘ತುಮ್‌ಕ್ರು’ ಎಂದು ಹೋಯಿತು. ಯಂತ್ರ ಗಡಗಡ ಎಂದು ಆ ತುದಿಯ ಪ್ರಶ್ನೆಯನ್ನು ಅಚ್ಚು ಹಾಕಿತು: ತುಮ್‌ಕ್ರು ಯಾವ ರಾಜ್ಯದಲ್ಲಿ ಬರುತ್ತದೆ?

ಸುಧಾ ಬಾಯಿಗೆ ಕೈ ಇಟ್ಟುಕೊಂಡರು. ಹಿಂದೆ ನಿಂತಿದ್ದ ನನ್ನ ಹಳೆಯ ಶಿಷ್ಯರು ಉಸಿರು ಬಿಗಿಹಿಡಿದರು, ಗುರುಗಳಿಗೆ ಅವಮಾನವಾಯಿತೆಂದು. ನಾನು ನಕ್ಕು, ಒಂದೊಂದೇ ಅಕ್ಷರ ಹುಡುಕಿ, ಸಾವಕಾಶವಾಗಿ ಉತ್ತರ ಹೊಡೆದೆ: ತುಮಕೂರು. ಹೊಸಬ. ಕಲಿಯುತ್ತಿದ್ದೇನೆ.

“ಸಾರ್, ಇಷ್ಟ್ ವರ್ಷ ಸರ್ವೀಸ್ ಆಗಿದೆ ನಿಮ್ಗೆ. ಹೊಸಬ ಅಂತ ಯಾಕ್ ಹಾಕಿದ್ರಿ?” ಎಂದರು ಸುಧಾ.

“ಇದರಲ್ಲಿ ಹೊಸಬನೇ ತಾನೇ ಕಣಮ್ಮ,” ಎಂದೆ. “ಬಿಡು ಅದನ್ನ. ಮುಂದಿನ ಸಾಲಿಗೆ ಹೋಗೋಕೆ ಯಾವುದನ್ನ ಒತ್ತಬೇಕು, ತೋರಿಸು.”